ಹಳೆಯ ಕಾರಿಗೆ ವರ್ಷಕ್ಕೊಂದು ತಪಾಸಣೆ

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯು ತಾಡದೇವ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ನಗರದ ಟ್ಯಾಕ್ಸಿಗಳಿಗೆ ವಿಧಿಸಲಾದ 20 ವರ್ಷಗಳ ವಯೋಮಿತಿಯಂತೆ 2023ರ ಅಕ್ಟೋಬರ್ ಕೊನೆಗೆ ಆ ಕಪ್ಪು-ಹಳದಿ ವಾಹನವು ರಸ್ತೆಯಿಂದ ನಿವೃತ್ತವಾಯಿತು. ಊರಿನಿಂದ ಟ್ರಂಕು, ಹಾಸಿಗೆಯ ಸುರುಳಿಗಳೊಡನೆ ಬಂದಿಳಿದ ಎಷ್ಟೋ ಕನ್ನಡಿಗರನ್ನು ಮೊದಲ ಬಾರಿಗೆ ಬಿಡಾರಕ್ಕೆ ಮುಟ್ಟಿಸಿದ ವಾಹನವದು. ಅದರ ಅಗಲಿಕೆಗೆ ಮರುಗಿದವರು ಅನೇಕರು. ಆದರೆ ಟ್ಯಾಕ್ಸಿ ಹೋದರೂ ಪದ್ಮಿನಿ ಪೂರ್ತಿಯಾಗಿ ಹೋಗಲಿಲ್ಲ. ತಂದೆ ಕೊಂಡ ಕಾರನ್ನು ಮಗನು ಮಾರದೆ ಉಳಿಸಿಕೊಂಡ ಮನೆಗಳು ಇಂದಿಗೂ ಇವೆ. ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಆ ಅಭಿಮಾನಕ್ಕೆ ಹೊಣೆಗಾರಿಕೆಯೂ ಜೊತೆಗೂಡಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನಮ್ಮ ಕಾನೂನಿನಲ್ಲಿ ಒಂದು ವೈಚಿತ್ರ್ಯವಿದೆ. ಬಾಡಿಗೆಗೆ ಓಡುವ ವಾಹನವು 8 ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯಬೇಕು. ಸ್ವಂತ ಕಾರಿಗಾದರೋ ಮೊದಲ ನೋಂದಣಿಯೇ 15 ವರ್ಷಗಳದು; ಆ ಬಳಿಕ 5 ವರ್ಷಗಳಿಗೊಮ್ಮೆ ಪಾಸಿಂಗ್. 2021ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ವಿಂಟೇಜ್ ವಾಹನ ನಿಯಮಗಳಂತೆ, 50 ವರ್ಷ ಮೀರಿದ, ಮೂಲರೂಪದಲ್ಲಿರುವ ಕಾರಿಗೆ ಸಿಗುವ ನೋಂದಣಿಯ ಅವಧಿ 10 ವರ್ಷ. ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವೆಂಬುದು ನಿಜ. ಆದರೂ ಯಂತ್ರವು ಮುದಿಯಾದಷ್ಟೂ ಪರೀಕ್ಷೆಯ ಅಂತರವು ಹಿಗ್ಗುತ್ತ ಹೋಗುವುದು ಸಮಂಜಸವೆಂದು ಹೇಳಲಾಗದು. ಹೊಗೆಯ ಪಿ.ಯು.ಸಿ. ಪರೀಕ್ಷೆ ಆಗಾಗ ನಡೆಯಬೇಕಾದರೂ ಅದು ಬ್ರೇಕನ್ನಾಗಲಿ ಸ್ಟಿಯರಿಂಗನ್ನಾಗಲಿ ನೋಡುವುದಿಲ್ಲ.

"ನಮ್ಮ ಕಾರು ತಿಂಗಳಿಗೆರಡು ಸಲ ಹೊರಡುತ್ತದೆ, ಅದಕ್ಕೇನಾಗುತ್ತದೆ?" ಎನ್ನುವವರುಂಟು. ನಿಂತ ವಾಹನವೂ ಸವೆಯುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರಿನ ನಳಿಕೆಗಳು ಒಣಗಿ ಬಿರಿಯುತ್ತವೆ. ಕಡಲ ಗಾಳಿಯ ಉಪ್ಪು ಮತ್ತು ನಾಲ್ಕು ತಿಂಗಳ ಮಳೆ ತಳದ ತಗಡನ್ನು ತಿನ್ನುತ್ತವೆ. ಪದ್ಮಿನಿಯ ನಾಲ್ಕು ಗಾಲಿಗಳಿಗೂ ಇರುವುದು ಡ್ರಮ್ ಬ್ರೇಕು. ನೀರು ಹೊಕ್ಕರೆ ಅದರ ಹಿಡಿತ ಸಡಿಲುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಗಳನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆರೋಗ್ಯದ ದೃಷ್ಟಿಯಿಂದ ಹೊಗೆಯ ವಿಷಯ ಇನ್ನೂ ಗಂಭೀರವಾದುದು. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ಶೇಕಡಾ 3ರಷ್ಟು ಕಾರ್ಬನ್ ಮಾನಾಕ್ಸೈಡ್ ಉಗುಳಿದರೂ ಪಿ.ಯು.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ; ಸ್ಟೇಜ್ 2ರ ಕಾರಿಗೆ ಮಿತಿ ಶೇಕಡಾ 0.5. ಅಂದರೆ ಹಳೆಯ ಕಾರಿಗೆ ಆರು ಪಾಲು ರಿಯಾಯಿತಿ. ಬಣ್ಣವಾಸನೆಗಳಿಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಪ್ರಾಣವಾಯುವಿನ ಸಾಗಾಟವನ್ನು ತಡೆಯುತ್ತದೆ. ಹೊಗೆಕೊಳವೆ ತೂತಾಗಿ ತಳದ ತಗಡೂ ತುಕ್ಕು ಹಿಡಿದಿದ್ದರೆ ಅದು ಕಾರಿನೊಳಕ್ಕೇ ನುಸುಳೀತು. ಕಿಟಕಿ ಮುಚ್ಚಿ ಪ್ರಯಾಣ ಮಾಡುವಾಗ ಎಲ್ಲರಿಗೂ ಒಮ್ಮೆಲೇ ತಲೆನೋವು, ಮಂಪರು ಬಂದರೆ ಬಿಸಿಲನ್ನು ದೂರದೆ ಒಡನೆ ಕಾರು ನಿಲ್ಲಿಸಿ ಕೆಳಗಿಳಿಯಬೇಕು. ಆಮೇಲೆ ಕೊಳವೆಯನ್ನು ಪರೀಕ್ಷಿಸಬೇಕು.

ಬೇರೆ ದೇಶಗಳ ರೀತಿಯನ್ನೂ ಇಲ್ಲಿ ಗಮನಿಸಬಹುದು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಗಣನೀಯವಾಗಿ ಮಾರ್ಪಡಿಸದ, 40 ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಜರ್ಮನಿಯಲ್ಲಿ 30 ವರ್ಷದ ಕಾರಿಗೆ ವಿಶೇಷ ಫಲಕದ ಗೌರವವುಂಟು. ಆದರೆ ನಿಯತ ತಪಾಸಣೆ ತಪ್ಪುವುದಿಲ್ಲ. ಗೌರವವೂ ಇರಲಿ, ಪರೀಕ್ಷೆಯೂ ಇರಲಿ ಎಂಬ ಈ ಎರಡನೆಯ ಮಾರ್ಗವೇ ಶ್ರೇಯಸ್ಕರ. ವಯಸ್ಸೊಂದನ್ನೇ ನೋಡಿ ಗುಜರಿಗೆ ಅಟ್ಟುವುದು ಎಷ್ಟು ಅವಿಚಾರವೋ, ವಯಸ್ಸೊಂದನ್ನೇ ನೋಡಿ ಪರೀಕ್ಷೆಯಿಂದ ಬಿಟ್ಟುಬಿಡುವುದೂ ಅಷ್ಟೇ ಅವಿಚಾರ.

ಸರ್ಟಿಫಿಕೇಟ್ ಕೈಗೆ ಬಂದೊಡನೆ ಕರ್ತವ್ಯ ಮುಗಿಯಿತೆಂಬ ಭಾವನೆಯೂ ಸಲ್ಲದು. ಮಾರ್ಚ್ 31ರ ಅಢಾವೆ ಪತ್ರಿಕೆಯು ಆ ಒಂದು ದಿನದ ಸ್ಥಿತಿಯನ್ನಷ್ಟೇ ಹೇಳುವಂತೆ, ಪಾಸಿಂಗ್ ಕಾಗದವೂ ಆ ದಿನದ ಸ್ಥಿತಿಗಷ್ಟೇ ಸಾಕ್ಷಿ. ಪರೀಕ್ಷೆಯ ದಿನಕ್ಕೆಂದು ಒಳ್ಳೆಯ ಟಯರುಗಳನ್ನು ಎರವಲು ತಂದು, ಸಂಜೆಗೆ ಕಳಚಿಡುವವನು ಮೋಸಮಾಡುವುದು ಅಧಿಕಾರಿಗಲ್ಲ, ಹಿಂದಿನ ಸೀಟಿನಲ್ಲಿ ಕುಳಿತ ತನ್ನ ಮಕ್ಕಳಿಗೆ.

ಆದುದರಿಂದ ಕಾನೂನು ಕೇಳದಿದ್ದರೂ ವರ್ಷಕ್ಕೊಮ್ಮೆ ಸ್ವಯಿಚ್ಛೆಯಿಂದ ತಪಾಸಣೆ ಮಾಡಿಸುವುದು ಹಳೆಯ ಕಾರಿನ ಒಡೆಯರಿಗೆ ವ್ರತವಾಗಬೇಕು. ಅದಕ್ಕೆ ಕನ್ನಡಿಗರು ಹೊಸ ಮುಹೂರ್ತವನ್ನು ಹುಡುಕಬೇಕಾಗಿಲ್ಲ. ಆಯುಧಪೂಜೆ ಇದ್ದೇ ಇದೆ. ಮಳೆಗಾಲ ಕಳೆಯುವ ಆ ಹೊತ್ತು ತುಕ್ಕು, ತೇವಗಳ ಹಾನಿಯನ್ನು ನೋಡಲು ತಕ್ಕ ಕಾಲವೂ ಹೌದು. ಪೂಜೆಗೆ ಒಂದು ವಾರ ಮೊದಲೇ ಪಳಗಿದ ಮೆಕ್ಯಾನಿಕನಿಂದ ಬ್ರೇಕು, ಸ್ಟಿಯರಿಂಗ್, ಟಯರು, ದೀಪ, ವೈಪರ್, ಹೊಗೆಕೊಳವೆ ಮತ್ತು ತಳದ ತಗಡನ್ನು ನೋಡಿಸಿ, ಕಂಡ ದೋಷವನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಟ್ಟು, ಸರಿಪಡಿಸಬೇಕು. ಸಿ.ಎನ್.ಜಿ. ಅಳವಡಿಸಿದ್ದರೆ ಸಿಲಿಂಡರಿಗೆ 3 ವರ್ಷಗಳಿಗೊಮ್ಮೆ ಆಗಬೇಕಾದ ಒತ್ತಡ ಪರೀಕ್ಷೆಯ ತಾರೀಖನ್ನೂ ಅದರಲ್ಲೇ ಗುರುತಿಸಬೇಕು. ಆ ಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಕುಂಬಳಕಾಯಿ ಒಡೆದರೆ ಪೂಜೆಯೂ ಸಾರ್ಥಕ. ಬ್ರೇಕು ಹಿಡಿಯದ ಕಾರಿಗೆ ಎಷ್ಟು ಕುಂಕುಮ ಹಚ್ಚಿದರೂ ಅದು ನಿಲ್ಲಬೇಕಾದ ಕಡೆ ನಿಲ್ಲದು.