ಬ್ಯಾಗು ಕಾಯೋನು

ಕಳೆದ ತಿಂಗಳು ನಮ್ಮ ಟೀಮ್ ಔಟಿಂಗು. ಊರಾಚೆಯ ರಿಸಾರ್ಟಿನಲ್ಲಿ ಹಗ್ಗ ಹತ್ತೋದು, ಕೆಸರಲ್ಲಿ ವಾಲಿಬಾಲು.. ಗೊತ್ತಲ್ಲ, ಅವೇ. ವೀಲ್‌ಚೇರಿನಲ್ಲಿ ಓಡಾಡುವ ನಮ್ಮ ಟೆಸ್ಟರ್ ಗೆಳೆಯನಿಗೆ ಸಿಕ್ಕ ಆಟ ಎಂದರೆ ಎಲ್ಲರ ಬ್ಯಾಗು, ಮೊಬೈಲು ಕಾಯೋದು. ನಾನೂ ಪರ್ಸನ್ನು ಅವನ ಕೈಗೆ ಕೊಟ್ಟೇ ಓಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ, "ಮುಂದಿನ ಸಲ ಒಂದು ಲಾಕರ್ ತಗೊಳ್ಳಿ ಗುರೂ, ನಾನು ಮನೇಲೇ ಇರ್ತೀನಿ" ಅಂದ. ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ.

ಹೊಟ್ಟೆ ಉರಿಯುವ ವಿಷಯ ಎಂದರೆ ಅಲ್ಲಿ ಬಿಲ್ಲು-ಬಾಣದ ಆಟವೂ ಇತ್ತು. ಆದರೆ ಅಲ್ಲಿಗೆ ಹೋಗಲು ನಾಲ್ಕು ಮೆಟ್ಟಿಲು!

1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ ವೀಲ್‌ಚೇರಿನಲ್ಲಿದ್ದ 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಪ್ಯಾರಾಲಿಂಪಿಕ್ಸಿನ ಬೇರು ಅದು. 1984ರಲ್ಲಿ ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ ವೀಲ್‌ಚೇರಿನಲ್ಲಿ ಕೂತೇ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬಾಣ ಬಿಟ್ಟರು. ಹೌದು, ಎಲ್ಲರೂ ಆಡುವ ಒಲಿಂಪಿಕ್ಸಿನಲ್ಲೇ. ಕೈಗಳಿಲ್ಲದ ನಮ್ಮ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ಸಿನಲ್ಲಿ ಮಿಶ್ರ ತಂಡದ ಕಂಚು ತಂದಳು. ಕಣ್ಣು ಕಾಣದವರು ಕೈಯ ಹಿಂಬದಿಗೆ ತಾಗುವ ಸಾಧನದಿಂದ ಗುರಿ ಹಿಡಿಯುತ್ತಾರೆ.

ನಾವೋ, ವರ್ಷಕ್ಕೊಮ್ಮೆ ಯಾವುದಾದರೂ ಸೇವಾಸಂಸ್ಥೆಗೆ ಚೆಕ್ ಕೊಟ್ಟು ಫೋಟೋ ತೆಗೆಸಿಕೊಳ್ತೀವಿ. ಅದೇ ದುಡ್ಡಲ್ಲಿ ಆ ಸಂಸ್ಥೆಯವರನ್ನೇ ಕರೆದು, ಕೂತವರು ನಿಂತವರು ಎಲ್ಲಾ ಒಂದೇ ಗೆರೆಯಲ್ಲಿ ಬಾಣ ಬಿಟ್ಟರೆ ಆಗೋದಿಲ್ಲವೇ? ಅಂಗವಿಕಲರಿಗೆಂದು ಬೇರೆ ದಿನ ಮಾತ್ರ ಬೇಡ. ಅದು ಮತ್ತೆ ಬ್ಯಾಗು ಕಾಯಿಸಿದ ಹಾಗೇ.

ಇಷ್ಟನ್ನೂ ಬರೆದು ಎಚ್.ಆರ್.ಗೆ ಮೇಲ್ ಹಾಕಿದ್ದೇನೆ. "ನೋಡೋಣ" ಅಂದಿದ್ದಾರೆ. ಗೆಳೆಯನಿಗೆ ಹೇಳಿದೆ. "ಮೆಟ್ಟಿಲಿನ ವಿಷಯ ಬರೆದೆಯಾ?" ಅಂತ ಕೇಳಿದ.