ನಾಲ್ಕು ಕಂತಿನ ಪ್ರವಾಸ, ಮೂರು ಶಾಲು

ವಾರ್ಷಿಕೋತ್ಸವದಂದು ಸಾಧಕರಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು ಗೌರವಿಸುವ ಪದ್ಧತಿ ನಮ್ಮ ಸಂಘದಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಾಸಿಕದಿಂದ ಛತ್ರಪತಿ ಸಂಭಾಜಿನಗರ, ಸೊಲ್ಲಾಪುರಗಳ ಮಾರ್ಗವಾಗಿ ಕಲಬುರಗಿ ಜಿಲ್ಲೆಯ ಮಳಖೇಡದವರೆಗೆ ಸೈಕಲ್ಲಿನ ಮೇಲೆ ಹೋಗಿಬಂದ ನಮ್ಮ ಗೆಳೆಯರ ಗುಂಪನ್ನು ಈ ಸಲ ಗೌರವಿಸಬೇಕೆಂದು ಕಾರ್ಯಕಾರಿ ಸಮಿತಿಯವರು ಯೋಚಿಸಿದ್ದು ಅವರ ದೊಡ್ಡ ಮನಸ್ಸು. ಆದರೆ ಗುಂಪಿನ ನಾಲ್ವರಲ್ಲಿ ಮೂವರಿಗೆ ಮಾತ್ರ ಶಾಲು, ನಾಲ್ಕನೆಯವರು ಪೂರ್ತಿ ದೂರವನ್ನು ಕ್ರಮಿಸಿಲ್ಲ ಎಂಬ ಮಾತು ಬಂದಾಗ ನನಗೆ ಸಮ್ಮತವಾಗಲಿಲ್ಲ. ಹಾಗಿದ್ದರೆ ನಿಮ್ಮ ವಾದವನ್ನು ಸಂಚಿಕೆಗೇ ಬರೆದುಕೊಡಿ ಎಂದರು ಸಂಪಾದಕರು. ಆದುದರಿಂದ ಈ ಬರಹ.

ನಾವು ನಾಲ್ವರೂ ಮುಂಬಯಿಯ ಉಪನಗರವಾಸಿಗಳು. ಒಬ್ಬರು ವಿಮಾ ಕಚೇರಿಯವರು, ಒಬ್ಬರು ಔಷಧಿ ಅಂಗಡಿಯವರು, ಒಬ್ಬರು ಅಧ್ಯಾಪಕರು, ನಾನು ಬ್ಯಾಂಕಿನವನು. ಎಲ್ಲರೂ ನಲವತ್ತನ್ನು ದಾಟಿದವರು. ಅಂಗಡಿಯವರನ್ನು ಬಿಟ್ಟರೆ ಉಳಿದವರೆಲ್ಲ ಬಹುಪಾಲು ಕುಳಿತೇ ಅನ್ನ ಸಂಪಾದಿಸುವವರು. ಕುಳಿತು ದುಡಿಯುವವರ ಹೃದಯದ ಬಗ್ಗೆ ಪ್ರಸಿದ್ಧವಾದ ಒಂದು ಅಧ್ಯಯನವುಂಟು. ಲಂಡನ್ನಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಹೊಗೆ. ಆದರೂ ದಿನವಿಡೀ ಮಾಳಿಗೆಯ ಮೆಟ್ಟಿಲನ್ನು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ, ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಹೃದ್ರೋಗ ಕಡಿಮೆಯಾಗಿತ್ತು. ನಮ್ಮ ಬೆಸ್ಟ್ ಸಂಸ್ಥೆಯ ಎರಡಂತಸ್ತಿನ ಬಸ್ಸುಗಳನ್ನು ಹತ್ತಿಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾವು ಚಾಲಕರ ಪಂಗಡಕ್ಕೆ ಸೇರಿದವರು ಎಂಬ ಅರಿವಿನಿಂದಲೇ ಸೈಕಲ್ಲು ಕೊಂಡೆವು.

ಮಾರ್ಗವನ್ನು ಆರಿಸಿದವರು ಅಧ್ಯಾಪಕರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಕರೆಯಿತಷ್ಟೆ. ಹಾಗಾದರೆ ಗೋದಾವರಿಯ ದಡದಲ್ಲಿರುವ ನಾಸಿಕದಿಂದ ಹೊರಟು, ರಾಷ್ಟ್ರಕೂಟರ ವೇರೂಳನ್ನು ನೋಡಿಕೊಂಡು, ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿಯ ನೀರನ್ನು ಮುಟ್ಟೋಣ ಎಂದರು. ಒಟ್ಟು ಸುಮಾರು 650 ಕಿಲೋಮೀಟರು. ಒಂದೇ ಬೀಸಿಗೆ ಮುಗಿಸಲು ಬ್ಯಾಂಕಿನಲ್ಲಿ ಯಾರು ರಜೆ ಕೊಡುತ್ತಾರೆ? ನಾಲ್ಕನೆಯ ಶನಿವಾರದ ರಜೆಗೆ ಹಬ್ಬದ ದಿನವನ್ನೋ ಭಾನುವಾರವನ್ನೋ ಜೋಡಿಸಿ, ನಾಲ್ಕು ಕಂತುಗಳಲ್ಲಿ ತೀರಿಸುವುದೆಂದು ನಿಶ್ಚಯವಾಯಿತು.

2022ರ ಡಿಸೆಂಬರ್ 24ರ ಮುಂಜಾನೆ ನಾಸಿಕದ ರಾಮಕುಂಡದ ಬಳಿಯಿಂದ ಹೊರಟೆವು. ನಿಫಾಡದ ಚಳಿ ಮಹಾರಾಷ್ಟ್ರದಲ್ಲೇ ಹೆಸರುವಾಸಿಯಾದುದು. ದ್ರಾಕ್ಷಿಯ ತೋಟಗಳ ನಡುವೆ ಬೆರಳುಗಳು ಮರಗಟ್ಟಿದವು. ನಾಂದೂರ್ ಮಧ್ಯಮೇಶ್ವರದ ಹಕ್ಕಿಗಳನ್ನು ಹಿಂದಿರುಗುವಾಗ ನೋಡೋಣವೆಂದು ಬಿಟ್ಟೆವು, ಇಂದಿಗೂ ನೋಡಿಲ್ಲ. ಆ ರಾತ್ರಿ ಪೈಠಣಿ ಸೀರೆಯ ಊರಾದ ಯೇವಲಾದಲ್ಲಿ ತಂಗಿದೆವು. ಮರುದಿನ ಸುಮಾರು ನೂರು ಕಿಲೋಮೀಟರು ತುಳಿದು ಔರಂಗಾಬಾದನ್ನು ಸೇರುವುದು ನಮ್ಮ ಲೆಕ್ಕ.

ಮೂಡಣ ಗಾಳಿ ಎದುರಿಗಿತ್ತು. ವೈಜಾಪುರ ಹತ್ತಿರವಾಗುತ್ತಿದ್ದಂತೆ ವಿಮಾ ಕಚೇರಿಯ ಮಿತ್ರರು ಹಿಂದೆ ಬೀಳತೊಡಗಿದರು. ನಿಂತು ನೋಡಿದರೆ ಅಂಥ ಚಳಿಯಲ್ಲೂ ಮುಖದ ಮೇಲೆ ಬೆವರು. ದವಡೆಯೂ ಎಡ ಭುಜವೂ ಹಿಡಿದಂತಾಗಿದೆ ಎಂದರು. ಉಡುಪಿಯ ಕಡೆಯವರು ಅವರು. “ಏನಿಲ್ಲ ಮಾರಾಯ್ರೇ, ಬೆಳಿಗ್ಗೆ ತಿಂದ ಮಿಸಳ್‌ನ ಗ್ಯಾಸು” ಎಂದು ತಾವೇ ರೋಗನಿರ್ಣಯವನ್ನೂ ಮಾಡಿಕೊಂಡರು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, “ಇನ್ನು ಎಪ್ಪತ್ತೈದೇ ಕಿಲೋಮೀಟರು, ನಿಧಾನವಾಗಿ ಹೋಗೋಣ” ಎಂದೂ ಹೇಳಿದೆ. ಈ ವಾಕ್ಯವನ್ನು ಸಂಘದಲ್ಲಿ ಯಾರಿಗೂ ಇದುವರೆಗೆ ತಿಳಿಸಿರಲಿಲ್ಲ.

ಔಷಧಿ ಅಂಗಡಿಯವರು ವಿಜಯಪುರದ ಕಡೆಯವರು, ಮಾತು ಕಡಿಮೆ. “ಸಾಕ್ರೀ, ಇಲ್ಲೇ ನಿಲ್ಲೂಣು. ಊರು ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದವರೇ ತಮ್ಮ ಸೈಕಲ್ಲನ್ನು ರಸ್ತೆಗೆ ಅಡ್ಡವಾಗಿ ಮಲಗಿಸಿ, ಬರುತ್ತಿದ್ದ ಒಂದು ಜೀಪನ್ನು ತಡೆದರು. ವೈಜಾಪುರದಲ್ಲಿ ವೈದ್ಯರು ಇಸಿಜಿ ತೆಗೆದು, ಆಸ್ಪಿರಿನ್ ಮಾತ್ರೆಯನ್ನು ಅಗಿಸಿ, ಆಂಬುಲೆನ್ಸಿನಲ್ಲಿ ನಗರಕ್ಕೆ ಕಳುಹಿದರು. ಅಂದು ಸಂಜೆಯೇ ಅವರ ಹೃದಯದ ರಕ್ತನಾಳವೊಂದನ್ನು ತೆರೆದು ಸ್ಟೆಂಟ್ ಕೂರಿಸಲಾಯಿತು. ಗ್ಯಾಸಿನ ಮಾತನ್ನು ನಂಬಿ ಮುಂದುವರಿದಿದ್ದರೆ ಏನಾಗುತ್ತಿತ್ತೆಂದು ಅಲ್ಲಿಯ ವೈದ್ಯರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಈ ಸಂಚಿಕೆಯಲ್ಲಿ ತಜ್ಞ ವೈದ್ಯರ ಲೇಖನಗಳಿರುವಾಗ ನಾನು ವೈದ್ಯಕೀಯ ಹೇಳುವುದು ಉಚಿತವಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಜನರಿಗೆ ಎದೆಯಲ್ಲಿ ಏನಾದರೂ ಅದು ಗ್ಯಾಸೇ. ಶ್ರಮಪಡುವಾಗ ಎದೆ, ದವಡೆ, ತೋಳುಗಳಲ್ಲಿ ಹಿಡಿತವೂ ತಣ್ಣನೆಯ ಬೆವರೂ ಕಾಣಿಸಿದರೆ ಸೋಡಾ ಕುಡಿದು ಕಾಯುವುದಲ್ಲ, 108ಕ್ಕೆ ಕರೆ ಮಾಡುವುದು. ಹೊರಡುವ ಮುನ್ನ ಆ ಮಿತ್ರರು ಇಸಿಜಿ ಮಾಡಿಸಿಕೊಂಡಿದ್ದರು, ಅದು ಸರಿಯಾಗಿಯೇ ಇತ್ತು. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಶ್ರಮದ ಹೊತ್ತಿನ ದೋಷವನ್ನು ತೋರದೆಯೂ ಇರಬಹುದೆಂಬುದು ನಮಗೆ ಆಮೇಲೆ ತಿಳಿಯಿತು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ದೀರ್ಘ ಸವಾರಿಯಲ್ಲಿ ಸಕ್ಕರೆಯ ಅಂಶ ಇಳಿದು ಬವಳಿ ಬೀಳಬಹುದೆಂಬುದನ್ನೂ ವೈದ್ಯರೇ ತಿಳಿಸಿದರು. ಅಧ್ಯಾಪಕರು ಅಂದಿನಿಂದ ಜೇಬಿನಲ್ಲಿ ಗ್ಲೂಕೋಸ್ ಇಲ್ಲದೆ ಹೊರಡುವುದಿಲ್ಲ.

ಎರಡನೆಯ ಕಂತು 2023ರ ಡಿಸೆಂಬರ್ 23ರಂದು, ವೈಜಾಪುರದಲ್ಲಿ ಜೀಪು ನಿಂತಿದ್ದ ಆ ಸ್ಥಳದಿಂದಲೇ ಆರಂಭವಾಯಿತು. ಕಂತಿನ ಪ್ರವಾಸದ ವಿನೋದವೊಂದುಂಟು: ನಾವು ಹೊರಟದ್ದು ಔರಂಗಾಬಾದಿಗೆ, ತಲುಪಿದ್ದು ಛತ್ರಪತಿ ಸಂಭಾಜಿನಗರಕ್ಕೆ. ಹೆಸರಿನ ಬದಲಾವಣೆಗೆ 2023ರ ಫೆಬ್ರವರಿಯಲ್ಲಿ ಕೇಂದ್ರದ ಅನುಮತಿ ದೊರಕಿತ್ತು. ಮರುದಿನ ದೌಲತಾಬಾದಿನ ಕೋಟೆಯನ್ನು ಹಾದು, ಘಾಟಿಯನ್ನು ಏದುಸಿರಿನಿಂದ ಏರಿ ವೇರೂಳಿಗೆ ಹೋದೆವು. ಒಂದೇ ಬಂಡೆಯನ್ನು ಶಿಖರದಿಂದ ಕೆಳಕ್ಕೆ ಕಡೆಯುತ್ತ ಬಂದ ಕೈಲಾಸ ದೇವಾಲಯ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು, ಎಂಟನೆಯ ಶತಮಾನದ್ದು. ಅಲ್ಲಿಯೇ ದಶಾವತಾರ ಗುಹೆಯಲ್ಲಿ ದಂತಿದುರ್ಗನ ಶಾಸನವಿದೆ. ಮುಂಬಯಿಯ ಕನ್ನಡಿಗರು ಪರಊರಿನಲ್ಲಿದ್ದೇವೆಂದು ಹಲುಬುವುದನ್ನು ಕೇಳಿದಾಗಲೆಲ್ಲ ಅವರನ್ನು ಆ ಅಂಗಳದಲ್ಲಿ ಒಮ್ಮೆ ನಿಲ್ಲಿಸಬೇಕೆನಿಸುತ್ತದೆ.

ಮೂರನೆಯ ಕಂತಿಗೆ 2024ರ ಕ್ರಿಸ್ಮಸ್ ಜೊತೆಗೆ ಎರಡು ದಿನ ರಜೆ ಹಾಕಿ, ಬೀಡ, ತುಳಜಾಪುರಗಳ ಮೇಲೆ ಸೊಲ್ಲಾಪುರ ಮುಟ್ಟಿದೆವು. ಲಾರಿಗಳ ಕಾಟ ಬಿಟ್ಟರೆ ಹೇಳತಕ್ಕದ್ದಿಲ್ಲ.

ಕೊನೆಯ ಕಂತು 2025ರ ಜನವರಿ 25 ಮತ್ತು 26. ಅಕ್ಕಲಕೋಟೆಯ ಚಹದಂಗಡಿಯಲ್ಲಿ ಕನ್ನಡ ಕಿವಿಗೆ ಬಿತ್ತು. ಕಲಬುರಗಿಯಲ್ಲಿ ನಮ್ಮ ನಾಲ್ಕನೆಯವರು ರೈಲಿನಿಂದ ಇಳಿದು, ಸೈಕಲ್ಲು ಹಿಡಿದು ಕಾದಿದ್ದರು. ಟ್ರೆಡ್‌ಮಿಲ್ ಪರೀಕ್ಷೆಯಾಗಿ, ಹೃದಯತಜ್ಞರ ಒಪ್ಪಿಗೆಯಾಗಿ, ಎರಡು ವರ್ಷ ನಡಿಗೆಯನ್ನು ತಪ್ಪಿಸದೆ ಮಾಡಿ ಬಂದವರು. ಮಳಖೇಡಕ್ಕೆ ಅಲ್ಲಿಂದ ಸುಮಾರು 40 ಕಿಲೋಮೀಟರು. ಅವರನ್ನು ಮುಂದೆ ಬಿಟ್ಟು, ಅವರ ವೇಗವೇ ನಮ್ಮ ವೇಗವೆಂದು ಹಿಂದೆ ಹೋದೆವು. ಐದು ಗಂಟೆ ಹಿಡಿಯಿತು. ಕಾಗಿಣಾದ ನೀರನ್ನು ಮೊದಲು ಮುಟ್ಟಿದವರು ಅವರು.

ಈಗ ಸಮಿತಿಯವರ ಆಕ್ಷೇಪಣೆ. ಲೆಕ್ಕ ಲೆಕ್ಕವೇ ಎಂದು ಅವರು ಹೇಳುವುದು ಸರಿ. ವಾಣಿಜ್ಯ ಓದಿದ ನಾನು ಅದನ್ನು ಅಲ್ಲಗಳೆಯಲಾರೆ. ಆ ಮಿತ್ರರ ಖಾತೆಯಲ್ಲಿ 155 ಕಿಲೋಮೀಟರಿನ ಆಸುಪಾಸು ಇದೆ, ಅಷ್ಟೇ ಬರೆಯಲಿ. ಆದರೆ ಗೌರವಿಸುವುದು ಗುಂಪನ್ನೆಂದ ಮೇಲೆ ಗುಂಪಿನಿಂದ ಒಬ್ಬರನ್ನು ಕಳೆಯುವುದು ಯಾವ ಲೆಕ್ಕ? ನಾಸಿಕದವರೇ ಆದ ವೈದ್ಯ ಸಹೋದರರು ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ಸುಮಾರು 4,800 ಕಿಲೋಮೀಟರಿನ ‘ರೇಸ್ ಅಕ್ರಾಸ್ ಅಮೆರಿಕಾ’ ಸ್ಪರ್ಧೆಯನ್ನು ಇಬ್ಬರ ತಂಡವಾಗಿ ಒಂಬತ್ತು ದಿನಗಳೊಳಗೆ ಪೂರೈಸಿದರು. ಒಬ್ಬರು ತುಳಿಯುವಾಗ ಇನ್ನೊಬ್ಬರು ವಿಶ್ರಮಿಸುತ್ತಿದ್ದರು. ಅವರಲ್ಲಿ ಯಾರೂ ಪೂರ್ತಿ ದೂರ ಹೋಗಿಲ್ಲವೆಂದು ನಾವು ಆಡಿಕೊಂಡೆವೇ? ಅದೇ ಸ್ಪರ್ಧೆಯನ್ನು 2017ರಲ್ಲಿ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥರು ಏಕಾಂಗಿಯಾಗಿ ಮುಗಿಸಿದ್ದು ಬೇರೆ ಬಗೆಯ ಸಾಹಸ. ಅದಕ್ಕೆ ನಾವು ಕೈಮುಗಿಯಬಹುದು, ನಲವತ್ತು ದಾಟಿದ ಕುರ್ಚಿಯವರು ಅದನ್ನು ಅಳತೆಗೋಲಾಗಿ ಹಿಡಿಯಬಾರದು.

ನಾಲ್ಕನೆಯವರು ದೂರವಾಣಿಯಲ್ಲಿ “ನನಗೆ ಶಾಲು ಬೇಡ ಮಾರಾಯ್ರೇ, ಸುಮ್ಮನೆ ಜಗಳ ಯಾಕೆ” ಎಂದಿದ್ದಾರೆ. ಅದು ಅವರ ಸೌಜನ್ಯ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಶಾಲು ರಸ್ತೆಗೆ ಅಡ್ಡವಾಗಿ ಸೈಕಲ್ಲು ಮಲಗಿಸಿದವರಿಗೆ ಸಲ್ಲಬೇಕು, ಎರಡನೆಯದು ನಾಲ್ಕನೆಯವರಿಗೆ, ಮೂರನೆಯದು ಅಧ್ಯಾಪಕರಿಗೆ. ಸಮಿತಿಯವರು ಮೂರೇ ಶಾಲು ತರಿಸಿದ್ದರೂ ಚಿಂತೆಯಿಲ್ಲ. ವೈಜಾಪುರದ ರಸ್ತೆಯಲ್ಲಿ ‘ಇನ್ನು ಎಪ್ಪತ್ತೈದೇ ಕಿಲೋಮೀಟರು’ ಎಂದವನಿಗೆ ಶಾಲು ಬೇಡ.