ಆರೋಗ್ಯ ವಿಚಾರ: ರಾತ್ರಿಯ ಊಟದ ಹೊತ್ತು

ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಚರ್ಚೆಯು ನಮ್ಮ ಮನೆಗಳಲ್ಲಿ ದಿನವೂ ನಡೆಯತಕ್ಕದ್ದೇ. ಯಾವ ಹೊತ್ತಿನಲ್ಲಿ ತಿನ್ನಬೇಕೆಂದು ವಿಚಾರಿಸುವವರು ವಿರಳ. ದೀಪದೆಣ್ಣೆಯು ತುಟ್ಟಿಯಾಗಿದ್ದ ಕಾಲದಲ್ಲಿ ಈ ವಿಚಾರದ ಅಗತ್ಯವೂ ಇರಲಿಲ್ಲ. ಕತ್ತಲಾದ ಸ್ವಲ್ಪ ಹೊತ್ತಿಗೆ ಊಟ ಮುಗಿದು ಮನೆಮಂದಿ ಮಲಗಿಬಿಡುತ್ತಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಬರಬರುತ್ತ ಮನೆಗಳಿಗೂ ಹಳ್ಳಿಗಳಿಗೂ ಬಂದಿತು. ಆ ಬೆಳಕಿನಲ್ಲಿ ನಮ್ಮ ಊಟವು ಏಳರಿಂದ ಎಂಟಕ್ಕೆ, ಎಂಟರಿಂದ ಹತ್ತಕ್ಕೆ ಜಾರಿತು. ಸೂರ್ಯಾಸ್ತದ ಮೇಲೆ ಉಣ್ಣದಿರುವ ನಿಯಮವನ್ನು ಜೈನರಲ್ಲಿ ಹಲವರು ಇಂದಿಗೂ ಪಾಲಿಸುವರು. ಅವರ ಉದ್ದೇಶವು ಅಹಿಂಸೆ; ದೇಹಕ್ಕಾಗುವ ಲಾಭವು ಅದರ ಬೆನ್ನಿಗೆ ಬಂದದ್ದು.

ನಮ್ಮ ದೇಹದೊಳಗೆ ಗಡಿಯಾರವುಂಟೆಂಬುದು ಈಗ ಅಲಂಕಾರದ ಮಾತಾಗಿ ಉಳಿದಿಲ್ಲ. ಹಣ್ಣಿನ ನೊಣಗಳನ್ನು ಪರೀಕ್ಷಿಸಿ ಅದರ ಕೀಲುಗಳನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮಿದುಳಿನಲ್ಲಿರುವ ಮುಖ್ಯ ಗಡಿಯಾರವು ಬೆಳಕನ್ನು ನೋಡಿ ನಡೆಯುವುದು. ಯಕೃತ್ತು ಮೊದಲಾದ ಅವಯವಗಳ ಗಡಿಯಾರಗಳು ಊಟದ ಹೊತ್ತನ್ನೂ ನೋಡುವುವು. ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಉಂಡರೆ ಮಿದುಳು ಮಲಗೆನ್ನುತ್ತದೆ, ಯಕೃತ್ತು ಕೆಲಸಕ್ಕೆ ಏಳಬೇಕಾಗುತ್ತದೆ. ರಕ್ತದ ಸಕ್ಕರೆಯನ್ನು ದೇಹಕ್ಕೆ ಹಂಚುವ ಇನ್ಸುಲಿನ್ ಬೆಳಗಿನಲ್ಲಿ ಚುರುಕು, ರಾತ್ರಿಯಲ್ಲಿ ಮಂದ. ಆದಕಾರಣ ಅದೇ ಅಕ್ಕಿಯ ಅದೇ ಪ್ರಮಾಣದ ಅನ್ನವು ಬೆಳಗಿಗಿಂತ ರಾತ್ರಿಯಲ್ಲಿ ಸಕ್ಕರೆಯನ್ನು ಹೆಚ್ಚಾಗಿ ಏರಿಸಿ ಹೆಚ್ಚು ಹೊತ್ತು ನಿಲ್ಲಿಸುವುದು.

ತೂಕದ ಮಾತು ಇಷ್ಟು ಸರಳವಲ್ಲ. ಇಸ್ರೇಲಿನಲ್ಲಿ 93 ಮಂದಿ ಸ್ಥೂಲಕಾಯದ ಸ್ತ್ರೀಯರಿಗೆ ದಿನಕ್ಕೆ 1400 ಕ್ಯಾಲೊರಿಯಂತೆ 12 ವಾರ ಆಹಾರವನ್ನು ವಿಧಿಸಿ, ಕೆಲವರಿಗೆ ಅದರ ಅರ್ಧವನ್ನು ಬೆಳಿಗ್ಗೆಯೂ ಉಳಿದವರಿಗೆ ಅರ್ಧವನ್ನು ರಾತ್ರಿಯೂ ಇರಿಸಿದರು. ಬೆಳಿಗ್ಗೆ ಹೆಚ್ಚು ತಿಂದವರು ಸರಾಸರಿ 8.7 ಕಿಲೋ ಇಳಿದರು, ರಾತ್ರಿ ತಿಂದವರು 3.6 ಕಿಲೋ. ಇದು 2013ರಲ್ಲಿ ಪ್ರಕಟವಾದದ್ದು. ಆದರೆ 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದವರು 30 ಮಂದಿಗೆ ಆಹಾರವನ್ನೆಲ್ಲ ತಾವೇ ಅಳೆದು ಕೊಟ್ಟು ನೋಡಿದಾಗ, ಎರಡು ಕ್ರಮಗಳಲ್ಲಿಯೂ ತೂಕವು ಸಮನಾಗಿಯೇ ಇಳಿಯಿತು. ಬೆಳಿಗ್ಗೆ ಹೆಚ್ಚು ತಿಂದಾಗ ಹಸಿವು ಮಾತ್ರ ಕಡಮೆಯಾಗಿದ್ದಿತು.

ಈ ಕಡೆಯ ಮಾತೇ ಗೃಹಸ್ಥರಿಗೆ ಮುಖ್ಯವೆಂದು ನನ್ನ ಎಣಿಕೆ. ಅಳೆದು ಕೊಡುವವರು ನಮ್ಮ ಮನೆಗಳಲ್ಲಿ ಇಲ್ಲ. ಅಲ್ಲಿ ಅಳೆಯುವುದು ಹಸಿವೇ. ಬೆಳಿಗ್ಗೆ ಒಂದು ಲೋಟ ಕಾಫಿಯಲ್ಲಿ ಮುಗಿಸಿ, ಮಧ್ಯಾಹ್ನ ಅವಸರದಲ್ಲಿ ಎರಡು ತುತ್ತು ನುಂಗಿದವರು ಸಂಜೆ ಬೋಂಡದ ತಟ್ಟೆಯ ಮುಂದೆ ಸಂಯಮವನ್ನು ಎಲ್ಲಿಂದ ತರಬೇಕು? ಏಕಾದಶಿಯ ಉಪವಾಸವೆಂದು ಹಗಲೆಲ್ಲ ಬರಿಹೊಟ್ಟೆಯಲ್ಲಿದ್ದು, ರಾತ್ರಿ ಫಲಾಹಾರದ ಹೆಸರಿನಲ್ಲಿ ಉಪ್ಪಿಟ್ಟು ಅವಲಕ್ಕಿಗಳನ್ನು ಮುಗಿಸುವವರ ಮಾತನ್ನು ಇಲ್ಲಿ ಎತ್ತುವುದಿಲ್ಲ.

ಎತ್ತಬೇಕಾದದ್ದು ಗೃಹಿಣಿಯ ಮಾತು. ಯಜಮಾನರು ಒಂಬತ್ತಕ್ಕೆ ಬರುವರು, ಮಗನು ಒಂಬತ್ತೂವರೆಗೆ. ಎಲ್ಲರಿಗೂ ಬಡಿಸಿ, ಆರಿದ ಸಾರನ್ನು ಮತ್ತೆ ಕಾಯಿಸಿ, ಆಕೆ ತಾನು ತಟ್ಟೆ ಹಾಕಿಕೊಳ್ಳುವಾಗ ಹತ್ತೂಕಾಲು. ಮಿಕ್ಕ ಅನ್ನವನ್ನು ಚೆಲ್ಲಲಾರದೆ ಅದನ್ನೂ ಉಣ್ಣುವಳು, ಹನ್ನೊಂದಕ್ಕೆ ಮಲಗುವಳು, ಐದಕ್ಕೆ ಏಳುವಳು. ಮೈ ದಪ್ಪವಾಯಿತು, ಸಕ್ಕರೆ ಕಾಣಿಸಿತು ಎಂದಾಗ ಅನ್ನ ಬಿಡೆಂದು ಬುದ್ಧಿ ಹೇಳುವವರು ಮನೆಯಲ್ಲಿ ನಾಲ್ಕು ಮಂದಿ. ನೀನು ಏಳೂವರೆಗೆ ಉಣ್ಣು, ನಾವೇ ಬಡಿಸಿಕೊಳ್ಳುವೆವು ಎನ್ನುವವರು ಒಬ್ಬರಾದರೂ ಇರಬೇಡವೆ? ಗಂಡನಿಗಿಂತ ಮೊದಲು ಉಣ್ಣಬಾರದೆಂಬ ಕಟ್ಟಳೆಯು ಎಷ್ಟೇ ಹಳೆಯದಾಗಲಿ, ಆಕೆಯ ಆರೋಗ್ಯಕ್ಕಿಂತ ದೊಡ್ಡದಲ್ಲ.

ಅಡಿಗೆಯ ಕ್ರಮವನ್ನು ತಲೆಕೆಳಗು ಮಾಡಬೇಕಾಗಿಯೂ ಇಲ್ಲ. ರಾತ್ರಿಗೆಂದು ಇಟ್ಟುಕೊಂಡ ಹುಳಿ, ಪಲ್ಯ, ಕೋಸಂಬರಿಗಳನ್ನು ಮಧ್ಯಾಹ್ನಕ್ಕೆ ತರುವುದು. ಸಂಜೆಯ ಕರಿದ ತಿಂಡಿಯನ್ನು ಬಿಟ್ಟು ಊಟವನ್ನೇ ಏಳು ಏಳೂವರೆಗೆ ಎಳೆದುಕೊಳ್ಳುವುದು. ಆ ಊಟವು ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಇಷ್ಟರಲ್ಲಿ ಮುಗಿಯುವುದು. ತಡವಾಗಿ ಬರುವವರು ಸಂಜೆ ಆರರ ಸುಮಾರಿಗೆ ಕೆಲಸದ ಜಾಗದಲ್ಲಿಯೇ ಡಬ್ಬಿಯ ಚಪಾತಿಯನ್ನು ತಿಂದು, ಮನೆಗೆ ಬಂದ ಮೇಲೆ ಮಜ್ಜಿಗೆಯಲ್ಲಿ ಮುಗಿಸಬಹುದು. ರಾತ್ರಿಪಾಳಿಯ ದಾದಿಯರಿಗೂ ಪೊಲೀಸರಿಗೂ ಈ ಹೊತ್ತುಗಳು ಹೊಂದುವುದಿಲ್ಲ. ಅವರು ನಡುರಾತ್ರಿಯ ಊಟವನ್ನು ಹಗುರಮಾಡಿದರೆ ಅದೇ ಲಾಭ.

ಒಂದು ಎಚ್ಚರಿಕೆಯುಂಟು. ಮಧುಮೇಹಕ್ಕೆ ಮಾತ್ರೆಯನ್ನಾಗಲಿ ಇನ್ಸುಲಿನ್ ಸೂಜಿಯನ್ನಾಗಲಿ ತೆಗೆದುಕೊಳ್ಳುವವರು ಇದನ್ನು ಓದಿ ರಾತ್ರಿಯ ಊಟವನ್ನು ತಾವಾಗಿಯೇ ಬಿಡಕೂಡದು, ಹೊತ್ತನ್ನೂ ಬದಲಿಸಕೂಡದು. ಔಷಧದ ಪ್ರಮಾಣವು ಊಟದ ಹೊತ್ತಿಗೆ ಕಟ್ಟಿದ್ದು. ಒಂದನ್ನು ಸರಿಸಿ ಇನ್ನೊಂದನ್ನು ಸರಿಸದಿದ್ದರೆ ನಿದ್ರೆಯಲ್ಲಿಯೇ ಸಕ್ಕರೆಯು ಕುಸಿದು ಪ್ರಾಣಾಪಾಯವಾದೀತು. ಅಂಥವರೂ ಗರ್ಭಿಣಿಯರೂ ಮೊದಲು ತಮ್ಮ ವೈದ್ಯರನ್ನು ಕೇಳಿ, ಅನಂತರ ಗಡಿಯಾರವನ್ನು ನೋಡತಕ್ಕದ್ದು.